ಮಾವನ ವಂಡಿಯನ್ನು ಹೋರಿ ಆರಿಸಿದ್ದು

ನಮ್ಮ ಮಾವ ಒಂದು ಸಲ ಹೆಂಡತಿಯನ್ನೇ ಕಳೆದುಕೊಂಡಿದ್ದರು ಅಂದರೆ ನೀವು ಅಯ್ಯೋ ಪಾಪ ಅನ್ನಬೇಡಿ. ಅತ್ತೆ ಗುಂಡುಕಲ್ಲಿನ ಹಾಗೆ ಇದ್ದಾರೆ, ಈಗಲೂ ಇದ್ದಾರೆ. ಕಳೆದುಕೊಂಡದ್ದು ತೇನಿಯ ರೈಲ್ವೆ ಗೇಟಿನಲ್ಲಿ. ಜನ ಕೊಡೆ ಕಳೆದುಕೊಳ್ಳುತ್ತಾರಲ್ಲ, ಹಾಗೆ!

ಮಾವ ಅಂದರೆ ನನ್ನ ಅಮ್ಮನ ತಮ್ಮ. ತಮಿಳುನಾಡಿನ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡವರು. ನಮ್ಮ ಜನ ಆ ಕಡೆಗೆ ಹೋಗಿ ಎಷ್ಟು ತಲೆಮಾರಾಯಿತೋ ಹೇಳುವವರು ಯಾರೂ ಉಳಿದಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ಆಗ, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಅದೇ ಊರಿನ ಶಾಲೆಯಲ್ಲಿ ಲೆಕ್ಕದ ಟೀಚರು. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಹಾಗಾಗಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಾವನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಕಾಲು ಭಾಗ ಅತ್ತೆ ಹೇಳಿದ್ದು, ಉಳಿದ ಕಾಲು ಭಾಗದ ಬಗ್ಗೆ ನೀವು ಕೇಳಬಾರದು.

ಕಳೆದುಕೊಂಡ ಕಥೆ ಹೀಗೆ. ತೇನಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಮಾವ, ಅತ್ತೆ ಮೊಪೆಡ್ಡಿನಲ್ಲಿ ಊರಿಗೆ ಹೊರಟಿದ್ದಾರೆ. ರೈಲ್ವೆ ಗೇಟು ಹಾಕಿತ್ತು. ಅತ್ತೆ ಇಳಿದು ಪಕ್ಕದಲ್ಲಿ ಕೂತಿದ್ದ ಹೂವಿನವಳ ಹತ್ತಿರ ಮೂರು ಮೊಳ ಮಲ್ಲಿಗೆಗೆ ಚೌಕಾಸಿ ಮಾಡುತ್ತಿದ್ದರು. ಗೇಟು ತೆಗೆಯಿತು. ಹಿಂದಿನಿಂದ ಲಾರಿ, ಬಸ್ಸು ಎಲ್ಲ ಒಟ್ಟಿಗೇ ಹಾರನ್ ಒತ್ತಿದವು. ಮಾವ ಮೊಪೆಡ್ ಒದ್ದು ಹೊರಟೇಬಿಟ್ಟರು! ಅತ್ತೆ ಮಲ್ಲಿಗೆ ಹಿಡಿದುಕೊಂಡು "ಏಂಗ! ನಿಲ್ಸುಂಗ!" ಎಂದು ಕೂಗುತ್ತಾ ಇಪ್ಪತ್ತು ಹೆಜ್ಜೆ ಓಡಿದರಂತೆ. ಆ ಮೊಪೆಡ್ಡಿನ ಕೀರಲು ಸದ್ದಿನಲ್ಲಿ ಮಾವನಿಗೆ ಒಂದೂ ಕೇಳಲಿಲ್ಲ.

ಅಲ್ಲಿಂದ ಊರಿಗೆ ನಲವತ್ತು ಕಿಲೋಮೀಟರಿನ ಮೇಲೆ. ಮಾವ ಅಷ್ಟು ದೂರವೂ ಮಾತಾಡಿಕೊಂಡೇ ಬಂದರು. ಮದುವೆ ಸಾಂಬಾರು ಸರಿಯಿರಲಿಲ್ಲ ಎಂದರು. ಅತ್ತೆಯ ಅಣ್ಣಂದಿರಿಗೆ ದೊಡ್ಡವರು ಚಿಕ್ಕವರು ಅನ್ನುವುದು ಗೊತ್ತಿಲ್ಲ ಎಂದರು. ಅದರಲ್ಲೂ ದೊಡ್ಡಣ್ಣನಿಗೆ ಬುದ್ಧಿ ಮೊಣಕಾಲಿನಲ್ಲಿದೆ ಎಂದರು. ಮನೆ ಮುಂದೆ ವಂಡಿ, ಅಂದರೆ ಗಾಡಿ, ನಿಲ್ಲಿಸಿ ತಿರುಗಿ ನೋಡಿದಾಗಲೇ ಗೊತ್ತಾದದ್ದು.

"ಮಾವಾ, ಅಷ್ಟು ಹೊತ್ತು ಅವರು ಒಂದು ಮಾತೂ ಆಡಲಿಲ್ಲವಲ್ಲ, ನಿಮಗೆ ಅನುಮಾನ ಬರಲಿಲ್ವಾ?" ಎಂದು ನಾನು ಕೇಳಿದೆ.

"ಬಂತು ಪುಳ್ಳೆ," ಎಂದರು ಮಾವ. ಅವರಿಗೆ ನಾನು ಯಾವಾಗಲೂ ಪುಳ್ಳೆಯೇ, ಹುಡುಗಿಯೇ. "ಆದ್ರೆ ಅವಳ ಅಣ್ಣನ್ನ ಬೈದಾಗಲೂ ಸುಮ್ಕಿದ್ದಳಲ್ಲಾ, ಇಷ್ಟು ವರ್ಷಕ್ಕೆ ಒಂದ್ ದಿನ ನಾನ್ ಹೇಳಿದ್ದು ಸರಿ ಅಂತ ಒಪ್ಕೊಂಡವ್ಳೆ ಅಂತ ರೊಂಬ ಸಂತೋಷವಾಗೋಯ್ತು!"

ಅತ್ತೆ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಮೂರು ಮೊಳ ಮಲ್ಲಿಗೆ ಹಾಗೇ ಇತ್ತು. ಬೈಯಲಿಲ್ಲ, ಅಳಲಿಲ್ಲ. "ಮರ್ತಿದ್ದಕ್ಕೆ ನಂಗೆ ಕೋಪ ಇಲ್ಲೆ," ಎಂದರು. "ಅಷ್ಟ್ ಕೂಗ್ದೆ, ನನ್ ಕೊರಲು ನಿಮ್ಗೆ ಕೇಳ್ಲಿಲ್ವಲ್ಲಾ. ಇನ್ನು ನಿಮ್ಮ ವಂಡಿ ಹಿಂದೆ ನಾನು ಕೂರೋದಿಲ್ಲೆ." ಅಷ್ಟು ಹೇಳಿ ಮಲ್ಲಿಗೆಯನ್ನು ದೇವರ ಪಟಕ್ಕೆ ಹಾಕಿ ಒಳಗೆ ಹೋದರು.

ಮಾತು ಅಂದರೆ ಮಾತು. ನಾಲ್ಕು ವರ್ಷ ಅತ್ತೆ ವಂಡಿ ಹತ್ತಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಅವರು ಬಸ್ಸಿನಲ್ಲಿ, ಮಾವ ಮೊಪೆಡ್ಡಿನಲ್ಲಿ. ಹಾಗಂತ ಮಾವ ಸುಮ್ಮನೆ ಹೋಗುವ ಆಸಾಮಿಯೇ? ಅತ್ತೆ ಕೂತ ಕಿಟಕಿಯ ಪಕ್ಕದಲ್ಲೇ ಬಸ್ಸಿಗೆ ಸಮಕ್ಕೆ ಓಡಿಸುವುದು! ಕಿಟಕಿಯತ್ತ ನೋಡಿ ಕೈ ಬೀಸುವುದು! ಬಸ್ಸು ನಿಂತಲ್ಲೆಲ್ಲ ಕಡಲೆಕಾಯಿ ಪೊಟ್ಟಣ ಒಳಗೆ ಚಾಚುವುದು! ಒಂದು ಸಲ ಕಂಡಕ್ಟರು ತಡೆಯಲಾರದೆ ಕೇಳಿಯೇಬಿಟ್ಟನಂತೆ: "ಯಾರಮ್ಮಾ ಆ ಆಳು? ಕಂಬಂನಿಂದ ನಿಮ್ಮ ಹಿಂದೇನೇ ಬರ್ತಾ ಇದಾನೆ?"

"ಯಾರೋ, ನಂಗ್ ತೆರೀದು," ಎಂದು ಅತ್ತೆ ಗುರುತೇ ಇಲ್ಲದವರ ಹಾಗೆ ಕಡಲೆಕಾಯಿ ಬಿಡಿಸುತ್ತಾ ಕೂತರಂತೆ. ಕಂಡಕ್ಟರು ಮುಂದಿನ ನಿಲ್ದಾಣದಲ್ಲಿ ಇಳಿದು ಮಾವನಿಗೆ ಬುದ್ಧಿ ಹೇಳಿ ಬಂದ.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಕೆಡಿಸಿದ್ದು ಅತ್ತೆಯ ದೊಡ್ಡಣ್ಣ. ಅವರು ದಿಂಡಿಗಲ್‌ನಲ್ಲಿ ವ್ಯಾಪಾರಸ್ಥರು, ಮಾವನಿಗೆ ಮಚ್ಚಾನ್. ನಾಲ್ಕನೆಯ ವರ್ಷದ ದೀಪಾವಳಿಗೆ ನಾವೆಲ್ಲ ಅವರ ಮನೆಗೆ ಹೋದಾಗ ಮೊಪೆಡ್ಡಿನಿಂದ ಒಬ್ಬರೇ ಇಳಿದ ಮಾವನನ್ನು ನೋಡಿ, ತುಂಬಿದ ಮನೆಯಲ್ಲಿ, "ಮಾಪಿಳ್ಳೈ, ನಮ್ಮ ತಂಗಿ ಬಂದವ್ಳಾ, ಇಲ್ಲ ಇನ್ನೂ ಗೇಟಲ್ಲೇ ಇದ್ದವ್ಳಾ?" ಎಂದರು. ಎಲ್ಲರೂ ನಕ್ಕರು. ಬಸ್ಸಿನಲ್ಲಿ ಮೊದಲೇ ಬಂದು ಅಡುಗೆಮನೆಯಲ್ಲಿದ್ದ ಅತ್ತೆ ನಗಲಿಲ್ಲ. ಅದನ್ನು ನಾನು ನೋಡಿದೆ, ಮಾವನೂ ನೋಡಿದರು.

ಮಾವ ಪಂಚೆ ಎತ್ತಿ ಕಟ್ಟಿದರು. "ಕೇಳುಂಗ ಮಚ್ಚಾನ್. ತೈ ಮಾಸದಲ್ಲಿ, ಪೊಂಗಲ್ ಆದ್ಮೇಲೆ, ನಿಮ್ಮ ಮಗಳ ಕಲ್ಯಾಣಕ್ಕೆ ಇವಳನ್ನ ನನ್ನ ವಂಡಿ ಹಿಂದೆ ಕೂರಿಸ್ಕೊಂಡೇ ಈ ಬಾಗಿಲಿಗೆ ಬರ್ತೀನಿ. ಬರ್ಲಿಲ್ಲಾಂದ್ರೆ ಈ ಮೀಸೆ ಇರಾದಿಲ್ಲೆ!"

ಮಾವನ ಮೀಸೆ ಅಂದರೆ ನೀವು ಸಾಮಾನ್ಯ ಅಂದುಕೊಳ್ಳಬಾರದು. ಅದನ್ನು ತಿದ್ದಲು ವಾರಕ್ಕೊಮ್ಮೆ ಕಂಬಂಗೆ ಹೋಗುತ್ತಿದ್ದರು. ಆ ಮೀಸೆ ಹೋದರೆ ಮುಖದಲ್ಲಿ ಹೇಳಿಕೊಳ್ಳುವಂಥದ್ದು ಇನ್ನೇನೂ ಉಳಿಯುವುದಿಲ್ಲ ಎಂದು ಅತ್ತೆಯೇ ಹೇಳುತ್ತಿದ್ದರು. ಅಂಥ ಮೀಸೆಯನ್ನು ಪಣಕ್ಕಿಟ್ಟು ಬಂದ ಮಾವ ಊರಿಗೆ ಬಂದು ಮೊದಲು ಮಾಡಿದ ಕೆಲಸ ಅಂದರೆ ಮೊಪೆಡ್ ಮಾರಿದ್ದು. ಅತ್ತೆ ಶಪಥ ಮಾಡಿದಾಗ ಇದ್ದದ್ದು ಆ ವಂಡಿ, ಆದ್ದರಿಂದ ಶಪಥ ಆ ವಂಡಿಗೆ ಮಾತ್ರ, ಹೊಸದಕ್ಕೆ ತಗಲುವುದಿಲ್ಲ ಎನ್ನುವುದು ಅವರ ವಾದ. ವಕೀಲರಾಗಬೇಕಾದವರು ದ್ರಾಕ್ಷಿ ಬೆಳೆಯುತ್ತಿದ್ದರು!

ಹೊಸದು ಅಂದರೆ ಹಳೆಯದೇ. ಎರಡು ವಂಡಿ ಗೊತ್ತಾದವು, ಎರಡೂ ಮುನ್ನೂರೈವತ್ತು ಸಿಸಿ ಬೈಕು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ಕೆಂಪು. ಎರಡು ಸಿಲಿಂಡರ್, ತಿರುವಿದರೆ ಸಾಕು ಕಿರುಚಿಕೊಂಡು ಹಾರುವಂಥದ್ದು. ಇನ್ನೊಂದು ಕಪ್ಪು. ಒಂದೇ ದೊಡ್ಡ ಸಿಲಿಂಡರ್, ಢಬ್... ಢಬ್... ಎಂದು ಊಟ ಮಾಡಿ ಎದ್ದವರ ಗತ್ತಿನಲ್ಲಿ ಹೋಗುವಂಥದ್ದು. ಸಣ್ಣ ವಂಡಿಗಳಿಗೆ ಅಣ್ಣ, ದೊಡ್ಡವಕ್ಕೆ ತಮ್ಮ, ಅಂಥ ನಡುಗಾತ್ರದವು ಎರಡೂ. ಕೊಡುವವರಿಬ್ಬರೂ ಪೊಂಗಲ್‌ವರೆಗೆ ಇಟ್ಟುಕೊಂಡು ಓಡಿಸಿ ನೋಡಿ ಎಂದರು.

ಕೆಂಪಿನ ಯಜಮಾನರು ದಿಂಡಿಗಲ್‌ನ ಬೀಗದ ವ್ಯಾಪಾರಿ, ಮಚ್ಚಾನ್‌ರ ಗೆಳೆಯರು. ಮಚ್ಚಾನ್ ಶಿಫಾರಸಿನ ಮೇಲೇ ಅದು ಬಂದದ್ದು. ನಾನೂ ಮಾವನೂ ಬಸ್ಸಿನಲ್ಲಿ ತರಲು ಹೋದರೆ ವಂಡಿಗೆ ಐದು ಬೀಗ! ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು, ಹ್ಯಾಂಡಲಿಗೊಂದು, ಸರಪಳಿ ಸುತ್ತಿ ಕಂಬಕ್ಕೊಂದು, ಆ ಬೀಗಗಳ ಕೀಲಿ ಇಟ್ಟ ಪೆಟ್ಟಿಗೆಗೊಂದು. ಎಲ್ಲ ತೆಗೆಯುವಷ್ಟರಲ್ಲಿ ನಮಗೆ ಎರಡು ಸಲ ಕಾಫಿ ಬಂತು. ಹೊರಡುವಾಗ ಅವರು ಒಂದು ಇಂಗ್ಲಿಷ್ ಪತ್ರಿಕೆ ತೋರಿಸಿ, ಹೀಗೆ ಮುಂದೆ ಗಾಳಿ ತಡೆಯುವ ಕವಚ ಇಲ್ಲದೆ ಇಂಜಿನ್ ಎಲ್ಲ ಕಾಣುವ ಮಾದರಿಗೆ ಪರದೇಶದಲ್ಲಿ ಬೆತ್ತಲೆ ಬೈಕು ಎನ್ನುತ್ತಾರೆ ಎಂದು ವಿವರಿಸಿದರು. ಮಾವ ಮನೆಗೆ ಬಂದು ಅತ್ತೆಗೆ ಕೇಳುವಂತೆ ಅದನ್ನು ಹೆಮ್ಮೆಯಿಂದ ಸಾರಿದರು.

"ಹಂಗಾರೆ ಮೊದ್ಲು ಅದಕ್ಕೊಂದು ವೇಷ್ಟಿ ಉಡಿಸುಂಗ," ಎಂದಿತು ಅಡುಗೆಮನೆ. "ಹೆಣ್ಮಕ್ಳು ಓಡಾಡೋ ಬೀದಿ."

ಕಪ್ಪಿನ ಯಜಮಾನರು ಕೊಂಬೈ ಊರಿನವರು, ಮಿಲಿಟರಿಯಿಂದ ನಿವೃತ್ತರಾದ ಹಿರಿಯರು. ಮಂಡಿ ನೋವು, ಕಿಕ್ ಒದೆಯಲು ಆಗದೆ ಕೊಡುತ್ತಿದ್ದರು. ಒದೆಯುವ ಮೊದಲು ವಂಡಿಗೆ ಒಂದು ಸಲ್ಯೂಟ್ ಹೊಡೆಯಬೇಕು, ಇಲ್ಲದಿದ್ದರೆ ಅದು ಹತ್ತುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಮಾವ ಸಲ್ಯೂಟ್ ಹೊಡೆದು ಒದ್ದರು, ಒಂದೇ ಏಟಿಗೆ ಹತ್ತಿತು. ನನಗೆ ಇಂಥದ್ದೆಲ್ಲ ನಂಬಿಕೆ ಇಲ್ಲ. ಸಲ್ಯೂಟ್ ಇಲ್ಲದೆ ಒದೆಯಿರಿ ನೋಡೋಣ ಎಂದೆ. ಒದ್ದರು. ಹದಿನಾಲ್ಕು ಸಲ ಒದ್ದರು. ಹದಿನೈದನೆಯದಕ್ಕೆ ನಾನೇ ಸಲ್ಯೂಟ್ ಹೊಡೆದೆ.

ಎರಡು ವಂಡಿಯೂ ಮಾವನ ಮನೆಯ ಹಿತ್ತಿಲಲ್ಲಿ ಬಂದು ನಿಂತ ಮೇಲೆ ಊರಿಗೆ ಬೇರೆ ಮಾತೇ ಇಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಕೊಯ್ಯುವವರೂ ಬುಟ್ಟಿ ಹೊರುವವರೂ ಕೆಂಪು ಕೆಂಪು ಎಂದರು. ಕೆಂಪು ಕಣ್ಣಿಗೆ ಚೆಂದ, ಕೆಂಪು ಓಡಿದರೆ ಗಾಳಿ, ಕೆಂಪಿನಲ್ಲಿ ಮಾವ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಾರೆ! ಮಾವನೂ "ಆಮಾ, ಕೆಂಪೇ ಸೂಪರು" ಎಂದು ಹೌದಿಗೆ ಹೌದು ಸೇರಿಸುತ್ತಿದ್ದರು. ಮಚ್ಚಾನ್ ಕಳಿಸಿದ ವಂಡಿಯನ್ನು ಬೇಡ ಎಂದು ಅವರ ಮಗಳ ಮದುವೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ನಾನು ಲೆಕ್ಕದ ಟೀಚರಲ್ಲವೇ, ಒಂದು ಪಟ್ಟಿ ಹಾಕಿದೆ. ವೇಗ, ಮೈಲೇಜು, ಅಂದ, ರಿಪೇರಿ, ಸೀಟು, ಒಂದೊಂದಕ್ಕೆ ಹತ್ತು ಅಂಕ. ಕೂಡಿದರೆ ಎರಡಕ್ಕೂ ಮೂವತ್ತೇಳು! ಮಾವ ನನ್ನ ಪಟ್ಟಿಯನ್ನು ಮಡಿಸಿ ಸ್ಟಾಂಡಿನ ಕೆಳಗೆ ಇಟ್ಟರು, ನೆಲ ಅಲ್ಲಿ ಸ್ವಲ್ಪ ತಗ್ಗಾಗಿತ್ತು.

ಆಮೇಲೆ ಶುರುವಾಯಿತು ಅವರದೇ ಪರೀಕ್ಷೆ. "ಪುಳ್ಳೆ, ಹಿಂದೆ ಕೂತ್ಕೊ. ಹದಿಮೂರರ ಮಗ್ಗಿ ಹೇಳು. ಕ್ಲಾಸಲ್ಲಿ ಕೂಗ್ದಂಗೆ ಅಲ್ಲ. ಮೆಲ್ಲಕ್ಕೆ, ನಿಮ್ಮತ್ತೆ ಮಾತಾಡ್ದಂಗೆ."

"ಯಾಕೆ ಮಾವಾ?"

"ಹೇಳು ಅಂದ್ರೆ ಹೇಳು."

ಕೆಂಪಿನ ಹಿಂದೆ ಕೂತು ಮೆಲ್ಲಗೆ ಹದಿಮೂರೊಂದ್ಲಿ ಹದಿಮೂರು ಅಂತ ಶುರುಮಾಡಿದೆ. ರಸ್ತೆಗೆ ಬಿದ್ದದ್ದೇ ತಡ, ಅದು ಕಿರುಚಿತು ನೋಡಿ! ಹದಿಮೂರಾರ್ಲಿ ಎಪ್ಪತ್ತೆಂಟಕ್ಕೆ ಬರುವಷ್ಟರಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಮಾವ ಅರ್ಧ ತಿರುಗಿ, "ಏನಂದೆ? ಏನಂದೆ?" ಎನ್ನುತ್ತಾರೆ. ಎದುರಿಗೆ ಕುರಿಮಂದೆ ಬರುತ್ತಿದೆ! ಮಗ್ಗಿ ಬಿಟ್ಟು ನಾನು ದೇವರ ಹೆಸರು ಹೇಳಲು ಶುರುಮಾಡಿದೆ. ಅದೂ ಅವರಿಗೆ ಕೇಳಲಿಲ್ಲ.

ಮರುದಿನ ಕಪ್ಪಿನ ಹಿಂದೆ ಅದೇ ಮಗ್ಗಿ. ಕೊಂಬೈ ಕಡೆಗೆ ಹೊರಟೆವು. ಅಲ್ಲಿಯ ಬೇಟೆನಾಯಿಗಳು ಹಿಂದಿನ ದಿನ ಕೆಂಪನ್ನು ಒಂದು ಮೈಲಿ ಅಟ್ಟಿಸಿಕೊಂಡು ಬಂದಿದ್ದವು. ಇವತ್ತು ಅವೇ ನಾಯಿಗಳು ಯಾರೋ ದೊಡ್ಡ ಮನುಷ್ಯರು ಬಂದರೆಂದು ಎದ್ದು ದಾರಿ ಬಿಟ್ಟವು. ನನಗೆ ಬೇಸರವಾಗಿ, ಈ ಮುದುಕರಿಗೆ ಕೇಳುತ್ತದೋ ಇಲ್ಲವೋ ನೋಡೋಣ ಎಂದು ಬೇಕೆಂದೇ, ಇನ್ನೂ ಮೆಲ್ಲಗೆ, "ಹದಿಮೂರೆಂಟ್ಲಿ ನೂರಹದಿನಾಲ್ಕು" ಎಂದೆ.

ವಂಡಿ ನಿಂತೇಬಿಟ್ಟಿತು. "ನೂರನಾಲ್ಕು!" ಎಂದರು ಮಾವ. "ನೀನಾ ಮಕ್ಕಳಿಗೆ ಪಾಠ ಹೇಳೋಳು? ಆ ಮಕ್ಳ ಗತಿ ಏನಾಗ್ಬೇಕು!" ಬೈದರು, ಆದರೆ ಮುಖ ಊರಗಲ ಆಗಿತ್ತು. ನಾನು ಮಗ್ಗಿ ತಪ್ಪು ಹೇಳಿದರೆ ಇವರಿಗೇಕೆ ಇಷ್ಟು ಸಂತೋಷ ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಹೀಗೆ ಮಾವನ ಒಳಮನಸ್ಸು ಕಪ್ಪಿಗೆ ಬಿದ್ದಿತ್ತು. ಬಾಯಿಬಿಟ್ಟು ಹೇಳುವಂತಿಲ್ಲ. ಹೆಂಡತಿ ದನಿ ಕೇಳಲಿ ಅಂತ ವಂಡಿ ಆರಿಸಿದೆ ಎಂದರೆ ಚಪ್ಪರದ ಕೆಳಗೆ ಇರುವವರೆಲ್ಲ ಸುಗ್ಗಿ ಮುಗಿಯುವವರೆಗೂ ನಗುತ್ತಾರೆ. ಕಾರಣ ಹೇಳದೆ ಬೇಡ ಎಂದರೆ ಮಚ್ಚಾನ್‌ಗೆ ಮುನಿಸು. ಮನುಷ್ಯರು ತೀರ್ಮಾನ ಮಾಡಿದರೆ ತಾನೇ ಮುನಿಸು? ಮಾವ ಇದನ್ನು ಹೋರಿಗೆ ಬಿಟ್ಟರು!

ನಗಬೇಡಿ. ನಮ್ಮವರಲ್ಲಿ ಇದಕ್ಕೆ ಆಧಾರ ಇದೆ. ನಮ್ಮ ಜನರಿಗೆ ದೇವರ ಹೆಸರಿನಲ್ಲಿ ಬಿಟ್ಟ ದನಗಳ ಮಂದೆ ಉಂಟು. ಅದರಲ್ಲಿ ಒಂದು ಹೋರಿ ರಾಜ. ಆ ರಾಜ ತೀರಿಹೋದರೆ ಮುಂದಿನ ರಾಜ ಯಾರೆಂದು ಮನುಷ್ಯರು ಹೇಳುವುದಿಲ್ಲ. ಪೂಜೆ ಮಾಡಿ ಮಂದೆಯ ಮುಂದೆ ಕಬ್ಬು ಇಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಅದರ ಮೇಲೆ ಯಾರೂ ಎದುರು ಮಾತಾಡುವಂತಿಲ್ಲ. ಮಾವ ಇದನ್ನೇ ತಿರುವು ಮುರುವು ಮಾಡಿದರು. ಅಲ್ಲಿ ಹಲವು ಹೋರಿ, ಒಂದು ಕಬ್ಬು. ಇಲ್ಲಿ ಒಂದೇ ಹೋರಿ, ಎರಡು ವಂಡಿ, ಎರಡು ಕಬ್ಬಿನ ಕಟ್ಟು!

ನಮ್ಮ ಕುಲದ ಹಿರಿಯಜ್ಜ ಕೋಲು ಕುಟ್ಟಿಕೊಂಡು ಬಂದರು. "ಏನ್ಲಾ, ದೇವ್ರ ಕೆಲ್ಸಾನ ಆಟ ಮಾಡ್ತೀಯಾ?"

"ಇಲ್ಲೆ ಅಜ್ಜಾ. ದೇವ್ರ ಹೋರಿ ತಂಟೆಗೇ ಹೋಗಾದಿಲ್ಲೆ. ಇದು ನಮ್ಮನೆ ಮಯಿಲೆ," ಎಂದು ಮಾವ ತಮ್ಮ ಬೂದು ಬಣ್ಣದ ಹೋರಿಯನ್ನು ತೋರಿಸಿದರು. "ವಂಡಿ ಸಣ್ಣ ವಿಷ್ಯ. ಮನೆ ಹೋರಿ ಸಾಕು."

ಅಜ್ಜ ಹಾಗಾದರೆ ಸರಿ ಎಂದು ಅಲ್ಲೇ ಕಲ್ಲಿನ ಮೇಲೆ ಕೂತರು. ನೋಡುವ ಆಸೆ ಅವರಿಗೂ ಇತ್ತು.

ಪೊಂಗಲ್‌ಗೆ ನಾಲ್ಕು ದಿನ ಮೊದಲು, ಶುಕ್ರವಾರ ಬೆಳಿಗ್ಗೆ. ಹಿತ್ತಿಲಲ್ಲಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೆಂಪೂ ಕಪ್ಪೂ ನಿಂತಿವೆ. ಎರಡಕ್ಕೂ ಕುಂಕುಮ, ಎರಡರ ಸೀಟಿನ ಮೇಲೂ ಕಬ್ಬಿನ ಕಟ್ಟು. ಸಾಕ್ಷಿಗೆ ದಿಂಡಿಗಲ್‌ನಿಂದ ಮಚ್ಚಾನ್ ಬಂದಿದ್ದಾರೆ. ಗೋಡೆ ಮೇಲೆ, ನುಗ್ಗೆಮರದ ಕೆಳಗೆ, ಹುಲ್ಲಿನ ಮೆದೆ ಮೇಲೆ ಊರಿಗೆ ಊರೇ ಇದೆ. ಅತ್ತೆ ಮಾತ್ರ ಹಿಂಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾರೆ, ತಲೆ ಎತ್ತದೆ.

ಮಯಿಲೆಯ ಹಗ್ಗ ಬಿಚ್ಚಿದರು. ಅದು ಎಲ್ಲರನ್ನೂ ಒಮ್ಮೆ ನೋಡಿತು. ನೇರವಾಗಿ ಕೆಂಪಿನ ಹತ್ತಿರ ಹೋಯಿತು! ಮಚ್ಚಾನ್ ಶಾಲು ಸರಿಮಾಡಿಕೊಂಡರು. ಮಾವನ ಮುಖ ಬಿಳುಚಿತು. ಮಯಿಲೆ ಕೆಂಪಿನ ಪೆಟ್ರೋಲ್ ಟ್ಯಾಂಕನ್ನು ಮೂಸಿ, ದೊಡ್ಡದಾಗಿ ಸೀನಿ, ತಿರುಗಿ ಕಪ್ಪಿನ ಕಡೆಗೆ ನಡೆಯಿತು. ಕಬ್ಬಿಗೆ ಬಾಯಿ ಹಾಕಿತು. ಎಲ್ಲರೂ ಹೋ ಎಂದರು. ಅಜ್ಜ ಕೋಲೆತ್ತಿ, "ಮುಗೀತು, ಕಪ್ಪು!" ಎಂದರು.

ಮುಗಿದಿರಲಿಲ್ಲ. ಕಬ್ಬು ಖಾಲಿಯಾಯಿತು, ಮಯಿಲೆ ಕದಲಲಿಲ್ಲ. ಸೀಟನ್ನು ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಆಮೇಲೆ ಹಲ್ಲು ಹಾಕಿ ಜಗ್ಗಿತು ನೋಡಿ, ಹಿಂದಿನ ಸೀಟಿನ ರೆಕ್ಸಿನ್ ಪರ್ರನೆ ಹರಿದು ಬಂತು! ಒಳಗಿನ ಸ್ಪಂಜು ಹೊರಗೆ. ನಾಲ್ಕು ಜನ ಹಿಡಿದು ಎಳೆದರೂ ಮಯಿಲೆ ಬಿಡಲೊಲ್ಲದು. ಸ್ಪಂಜನ್ನು ಬಾಯಲ್ಲಿಟ್ಟುಕೊಂಡೇ ಕೊಟ್ಟಿಗೆಗೆ ಹೋಯಿತು.

"ಮಾಪಿಳ್ಳೈ, ದನಕ್ಕೆ ಮೇವು ಹಾಕೋ ಪಳಕ್ಕ ಇದ್ಯಾ?" ಎಂದರು ಮಚ್ಚಾನ್. ಆದರೆ ಹೋರಿ ಹೇಳಿದ ಮೇಲೆ ಅವರಾದರೂ ಏನು ಮಾಡುತ್ತಾರೆ? ಮುನಿಸಿಕೊಳ್ಳಲಿಲ್ಲ. ಕೆಂಪನ್ನು ತಾವೇ ಇಟ್ಟುಕೊಳ್ಳುತ್ತೇನೆಂದು ಹತ್ತಿ ಹೋದರು.

ಜನ ಕರಗಿದ ಮೇಲೆ ಮಾವನನ್ನು ಕೊಟ್ಟಿಗೆಯ ಮೂಲೆಗೆ ಕರೆದುಕೊಂಡು ಹೋಗಿ ಕೇಳಿದೆ. ಟೀಚರ ಮುಂದೆ ಎಷ್ಟು ಹೊತ್ತು ಸುಳ್ಳು ನಡೆಯುತ್ತದೆ? ಒಪ್ಪಿಕೊಂಡರು. "ಒಂದ್ ನೆಲ್ಲಿಕಾಯಷ್ಟು ಬೆಲ್ಲ ಸವರ್ದೆ ಪುಳ್ಳೆ. ಸತ್ಯವಾಗ್ಲೂ ಅಷ್ಟೇ. ಕೆಂಪು ವಂಡೀಲಿ ಅವಳು ಕೂಗಿದ್ರೆ ತಿರ್ಗ ಕೇಳಾದಿಲ್ಲೆ. ಇದು ಹಂಗಲ್ಲ. ಒಂದು ಢಬ್‌ಗೂ ಇನ್ನೊಂದು ಢಬ್‌ಗೂ ನಡುವೆ ಅವಳು ಮಾತಾಡಕ್ಕೆ ಜಾಗ ಐತೆ."

ಆಗ ನನಗೆ ಮಗ್ಗಿಯ ಅರ್ಥ ಆಯಿತು. ಆದರೂ ಬೈದೆ: "ನೆಲ್ಲಿಕಾಯಿ ಗಾತ್ರಕ್ಕೆ ಹೋರಿ ಇಡೀ ಸೀಟು ತಿನ್ನುತ್ತಾ ಮಾವಾ?"

"ಅದೇ ನಂಗೂ ಪುರಿಯಲ್ಲೆ," ಎಂದು ಮಾವ ಅರ್ಥವಾಗದೆ ತಲೆ ಕೆರೆದರು. "ನಾನ್ ಸವರಿದ್ದು ಮುಂದಿನ ಸೀಟ್‌ಗೆ. ಅದು ತಿಂದಿದ್ದು ಹಿಂದಿಂದು!"

ಹೋರಿ ಎಂಜಲು ಮಾಡಿದ ಸೀಟು, ಮದುವೆಗೆ ಉಳಿದದ್ದು ಎರಡೇ ವಾರ. ಕಂಬಂನ ಸೀಟು ಹೊಲಿಯುವವರನ್ನು ಮನೆಗೇ ಕರೆಸಿದರು. ಅವರು ಟೇಪು ಹಿಡಿದು ಎಷ್ಟು ಅಗಲ, ಎಷ್ಟು ಎತ್ತರ ಎಂದು ಕೇಳುತ್ತಿದ್ದಾರೆ, ಮಾವ ಹ್ಞೂಂ ಹ್ಞೂಂ ಎನ್ನುತ್ತಿದ್ದಾರೆ. ಆಗ ಹಿಂಬಾಗಿಲಿನಿಂದ ದನಿ ಬಂತು. "ಹೆಂಗೂ ಹೊಸ್ದಾಗಿ ಮಾಡಾದು ತಾನೆ. ಇನ್ನೊಂದ್ ಗೇಣು ಅಗ್ಲ ಇರ್ಲಿ. ಬೆನ್ನಿಗೆ ಒಂದು ದಿಂಬು. ಎಡಗಡೆ ಕೈಲಿ ಹಿಡ್ಕೊಳ್ಳಕ್ಕೆ ಒಂದು ಕಂಬಿ. ಹೂವು ಬುಟ್ಟಿ ಇಡಕ್ಕೆ ಜಾಗ."

ಮಾವ ಥಟ್ಟನೆ ಬಾಗಿಲ ಕಡೆ ತಿರುಗಿದರು. "ಯಾ... ಯಾರ್ಗೆ?"

"ಯಾರೋ ಕೂರೋರಿಗೆ," ಎಂದು ಅತ್ತೆ ಒಳಗೆ ಹೋದರು. ಮಾವ ಟೇಪಿನವರನ್ನು ತಬ್ಬಿಕೊಂಡುಬಿಟ್ಟರು, ಅವರು ಹೆದರಿ ಟೇಪು ಬೀಳಿಸಿದರು.

ಪೊಂಗಲ್ ಬಂತು. ಅತ್ತೆಯ ಕೈಯ ಸಿಹಿ ಪೊಂಗಲ್ ಅಂದರೆ ನಮ್ಮ ಬೀದಿಯೇ ಪಾತ್ರೆ ಹಿಡಿದು ನಿಲ್ಲುತ್ತದೆ. ಆ ವರ್ಷ ಬಾಯಿಗಿಟ್ಟರೆ ಸಪ್ಪೆ! ಬರೀ ಅನ್ನ, ಬೇಳೆ, ದ್ರಾಕ್ಷಿ. ಮಾವ ಎರಡು ತುತ್ತು ತಿಂದು, "ಬೆಲ್ಲ ಕಮ್ಮಿ ಆಯ್ತೋ?" ಎಂದರು. "ಡಬ್ಬದಲ್ಲಿ ಇದ್ದಿದ್ದೇ ಅಷ್ಟು," ಎಂದರು ಅತ್ತೆ, ತಲೆ ಎತ್ತದೆ. ನಾನು ಅತ್ತೆಯ ಮುಖ ನೋಡಿದೆ. ಲೆಕ್ಕ ನನಗೆ ಸರಿಹೋಗಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಮಾವ ಕಪ್ಪು ವಂಡಿಗೆ ಸಲ್ಯೂಟ್ ಹೊಡೆದರು, ಒದ್ದರು. ಟ್ಯಾಂಕಿನ ಸುತ್ತ ಒಂದು ಜರಿ ಅಂಚಿನ ವೇಷ್ಟಿ ಕಟ್ಟಿತ್ತು, ಅತ್ತೆಯ ಆಜ್ಞೆ. ಅತ್ತೆ ರೇಷ್ಮೆ ಸೀರೆ ಸರಿಮಾಡಿಕೊಂಡು, ನಮ್ಮೆಲ್ಲರನ್ನೂ ಒಮ್ಮೆ ಏನು ನೋಡುತ್ತೀರಿ ಎಂಬಂತೆ ನೋಡಿ, ಹತ್ತಿ ಕೂತರು. ನಾಲ್ಕು ವರ್ಷದ ಮೇಲೆ! ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ನಾವೆಲ್ಲ ವ್ಯಾನಿನಲ್ಲಿ ಅವರ ಹಿಂದೆಯೇ ಇದ್ದೆವು. ದಿಂಡಿಗಲ್‌ವರೆಗೂ ಒಂದೇ ಕಥೆ ಎಂದು ಅತ್ತೆ ಆಮೇಲೆ ಹೇಳಿದರು. ಮಾವ ಅರ್ಧ ಮೈಲಿಗೊಮ್ಮೆ, "ಇದ್ದೀಯಾ?"

"ಇದ್ದೀನಿ. ರೋಡ್ ನೋಡುಂಗ."

"ಇದ್ದೀಯಾ?"

"ಇಲ್ಲೆ, ಇಳಿದೋದೆ! ಎಷ್ಟ್ ಸಲ ಕೇಳ್ತೀರಿ?"

ತೇನಿಯ ರೈಲ್ವೆ ಗೇಟು ಹಾಕಿತ್ತು. ಅತ್ತೆ ಹೂವಿಗೆ ಇಳಿಯಲು ಹೋದರು. ಮಾವ ಸೆರಗು ಹಿಡಿದುಕೊಂಡು ಬಿಡಲಿಲ್ಲ. ಹೂವಿನವಳೇ ವಂಡಿ ಹತ್ತಿರ ಬರಬೇಕಾಯಿತು.

ದಿಂಡಿಗಲ್‌ನ ಬಾಗಿಲಲ್ಲಿ ಮಚ್ಚಾನ್ ಕಾದು ನಿಂತಿದ್ದರು. ತಂಗಿ ಇಳಿಯುವುದನ್ನು ನೋಡಿದರು, ಹೂವಿನ ಬುಟ್ಟಿ ನೋಡಿದರು, ಮೀಸೆ ನೋಡಿದರು, ಮಾವನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಮಾತ್ರ ನನ್ನ ಕಿವಿಯಲ್ಲಿ, "ನಿಮ್ಮ ಮಾವ ಬದುಕ್ಕೊಂಡ. ಆ ಕೆಂಪು ವಂಡಿ ಹಿಂದೆ ಕೂತು ಇವರನ್ನ ನೆನ್ನೆ ಎರಡು ಸಲ ಬೈದೆ. ಎರಡು ಸಲಾನೂ 'ಆಮಾ, ಕಾಫಿ ಕುಡಿಯಾಣ' ಅಂದ್ರು" ಎಂದರು.

ಮಧ್ಯಾಹ್ನ ಊಟ ಮುಗಿದು ಅತ್ತೆಯೂ ನಾನೂ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಾಗ ನಾನು ಮೆಲ್ಲಗೆ ಕೇಳಿದೆ. "ಅತ್ತೇ, ಡಬ್ಬದ ಬೆಲ್ಲ ಏನಾಯ್ತು?"

ಅತ್ತೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು. ಮುಖ ಕೆಂಪಾಯಿತು. "ಬೆಳಕು ಹರಿಯಕ್ಕೆ ಮುಂಚೆ ಎದ್ದು ಹೋಗಿ ಸವರಿದ್ನಮ್ಮ. ಹಿಂದಿನ ಸೀಟಿಗೆ. ಪೂರಾ ಮುಕ್ಕಾಲು ಡಬ್ಬ. ಕಮ್ಮಿ ಹಾಕಿ ಮಯಿಲೆ ಅತ್ಲಾಗ್ ಹೋದ್ರೆ ಅಂತ ಬಯ." ಅತ್ತೆ ಎಲೆ ಮಡಿಸುತ್ತಾ ಮುಂದುವರಿಸಿದರು. "ಮೊಪೆಡ್ ಸದ್ದು ಬೀದೀಲಿ ಹತ್ತು ಮನೇದು ಒಂದೇ ಥರ. ಸಂಜೆ ಆದ್ರೆ ಇವರಾ, ಇವರಾ ಅಂತ ಬಾಗಿಲಿಗೆ ಬಂದು ಬಂದು ನೋಡ್ತಿದ್ದೆ. ಎಲ್ಲಿ ಬಿದ್ರೋ ಏನೋ ಅಂತ. ಆ ಕೆಂಪಂತೂ ಕೇಳೋದ್ರೊಳಗೆ ಬಂದು ನಿಂತಿರುತ್ತೆ. ಈ ಕರಿ ವಂಡಿ ಕಾಲುವೆ ತಿರುವಿಗೆ ಬಂದ್ರೇ ಕೇಳ್ತದೆ. ಅಲ್ಲಿಂದ ಮನೇಗೆ ಬರೋದ್ರೊಳಗೆ ಎಸರಿಟ್ರೆ ಸರಿಯಾಗ್ತದೆ. ಬರ್ತಾವ್ರೆ ಅಂತ ಗೊತ್ತಾದ್ರೆ ಸಾಕಮ್ಮ ನಂಗೆ. ಅವರಿಗೆ ಹೇಳ್ಬ್ಯಾಡ, ಬೀಗ್ತಾರೆ."

ಮಾವನ ನೆಲ್ಲಿಕಾಯಿಯ ಕಥೆಯನ್ನು ನಾನು ಅವರಿಗೆ ಹೇಳಲಿಲ್ಲ. ಅತ್ತೆಯ ಡಬ್ಬದ ಕಥೆಯನ್ನು ಮಾವನಿಗೆ ಇವತ್ತಿನವರೆಗೂ ಹೇಳಿಲ್ಲ. ಇಬ್ಬರೂ ಒಂದೇ ವಂಡಿಗೆ, ಒಬ್ಬರಿಗೊಬ್ಬರು ತಿಳಿಯದ ಹಾಗೆ ಬೆಲ್ಲ ಸವರಿ, ಹೋರಿಯ ತೀರ್ಪು ಅಂತ ನಂಬಿಕೊಂಡು ಸುಖವಾಗಿದ್ದಾರೆ. ಈಗ ಇಲ್ಲಿ ಬರೆಯಲು ನನಗೆ ಹೆದರಿಕೆ ಇಲ್ಲ. ಹಗಲೆಲ್ಲ ಕನ್ನಡ ಆಡುವ ಆ ಇಬ್ಬರಿಗೂ ಕನ್ನಡ ಓದಲು ಬರುವುದಿಲ್ಲ.

ಮೊನ್ನೆ ಸಂಜೆ ಅತ್ತೆಗೆ ಫೋನ್ ಮಾಡಿದ್ದೆ. ಮಕ್ಕಳ ವಿಷಯ, ನನ್ನ ಸೊಂಟ ನೋವಿನ ವಿಷಯ ಎಲ್ಲ ಆಗುತ್ತಿತ್ತು. ನಡುವೆ ಅತ್ತೆ ಥಟ್ಟನೆ ಮಾತು ನಿಲ್ಲಿಸಿದರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ, ನನಗೆ ಏನೂ ಕೇಳಲಿಲ್ಲ.

"ಕಾಲುವೆ ತಿರುವಿಗೆ ಬಂದ್ರು," ಎಂದರು ಅತ್ತೆ. "ಎಸರಿಡ್ಬೇಕು. ಇಡು ಫೋನು."